ಹಳೆಯ ಯಂತ್ರಕ್ಕೆ ಎಫ್‌ಟಿಪಿ ಒಂದೇ ಗೊತ್ತು, ಹೊಸ ಸರ್ವರ್ ಅದನ್ನು ಒಪ್ಪುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಹದಿನೈದು ವರ್ಷಕ್ಕೂ ಹಳೆಯದಾದ ಒಂದು ಅಳತೆ ಯಂತ್ರವಿದೆ. ಫಲಿತಾಂಶದ ಫೈಲ್‌ಗಳನ್ನು ಅದು ಎಫ್‌ಟಿಪಿ ಎಂಬ ಹಳೆಯ ಫೈಲ್ ವರ್ಗಾವಣೆ ಪ್ರೋಟೊಕಾಲ್ ಮೂಲಕ ಮಾತ್ರ ಕಳಿಸುತ್ತದೆ. ಜೊತೆಗೆ ಎಸ್‌ಎಂಬಿ 1 (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚಿಕೊಳ್ಳುವ ಪ್ರೋಟೊಕಾಲ್‌ನ ಮೊದಲ ಆವೃತ್ತಿ) ಮಾತ್ರ ಬಲ್ಲ ಒಂದು ಸ್ಕ್ಯಾನರ್ ಇದೆ. ಒಂದು ಹಳೆಯ ನೆಟ್‌ವರ್ಕ್ ಸ್ವಿಚ್‌ನಿಂದ ಎಸ್‌ಸಿಪಿ (ಎಸ್‌ಎಸ್‌ಎಚ್ ಎಂಬ ಗುಪ್ತ ಸಂಪರ್ಕದಲ್ಲಿ ಫೈಲ್ ನಕಲಿಸುವ ವಿಧಾನ) ಮೂಲಕ ಲಾಗ್ ತರಿಸಿಕೊಳ್ಳುತ್ತೇವೆ. ಸರ್ವರನ್ನು ಹೊಸ ಲಿನಕ್ಸ್‌ಗೆ ಅಪ್‌ಗ್ರೇಡ್ ಮಾಡಿದ ಮೇಲೆ ಮೂರೂ ಒಂದೊಂದಾಗಿ ನಿಂತುಹೋದವು. ಬ್ರೌಸರ್‌ನಲ್ಲೂ ಎಫ್‌ಟಿಪಿ ವಿಳಾಸ ತೆರೆಯುವುದಿಲ್ಲ. ಓಪನ್ ಸೋರ್ಸ್ ಜಗತ್ತು ಹಳೆಯ ಪ್ರೋಟೊಕಾಲ್‌ಗಳನ್ನು ಕೈಬಿಟ್ಟಿತೇ? ಯಂತ್ರಗಳನ್ನೇ ಬದಲಿಸಬೇಕೇ, ಅಥವಾ ಹಳೆಯ ಸರ್ವರನ್ನೇ ಉಳಿಸಿಕೊಳ್ಳಲೇ?

ಉತ್ತರ: ಯಂತ್ರ ಚೆನ್ನಾಗಿ ಅಳೆಯುತ್ತಿದ್ದರೆ ಬದಲಿಸಬೇಡಿ. ಹಳೆಯ ಸರ್ವರನ್ನೂ ಉಳಿಸಿಕೊಳ್ಳಬೇಡಿ. ಹಳೆಯ ಯಂತ್ರ ಮತ್ತು ಹೊಸ ಸರ್ವರ್ ನಡುವೆ ಒಂದು ಚಿಕ್ಕ ಲಿನಕ್ಸ್ ಪೆಟ್ಟಿಗೆ ಇಡಿ. ಅದು ಒಂದು ಕೈಯಲ್ಲಿ ಹಳೆಯ ಯಂತ್ರದಿಂದ ಫೈಲ್ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ಹೊಸ ಸರ್ವರ್‌ಗೆ ಕೊಡಲಿ. ಹಳೆಯ ಪ್ರೋಟೊಕಾಲ್ ಆ ಪೆಟ್ಟಿಗೆಯ ಆಚೆ ಬದಿಗೇ ನಿಲ್ಲಲಿ. ನಿಮ್ಮ ಮುಖ್ಯ ಸರ್ವರ್‌ನಲ್ಲಿ ಒಂದು ಸಾಲನ್ನೂ ಸಡಿಲಿಸಬೇಕಾಗಿಲ್ಲ. ಇದಕ್ಕೆ ಬೇಕಾದ ತಂತ್ರಾಂಶವೆಲ್ಲ ಇಂದಿಗೂ ಓಪನ್ ಸೋರ್ಸ್‌ನಲ್ಲೇ ಸಿಗುತ್ತದೆ.

'ಕೈಬಿಟ್ಟಿತೇ' ಎಂದು ಕೇಳಿದ್ದೀರಿ. ಸಪೋರ್ಟ್ ಎಂಬ ಒಂದೇ ಪದದಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ತುಂಬಿಬಿಡುತ್ತೇವೆ. ಕೋಡ್ ಇದೆಯೇ ಎಂಬುದು ಒಂದು. ಅದು ತಾನಾಗಿ ಚಾಲೂ ಇರುತ್ತದೆಯೇ ಎಂಬುದು ಇನ್ನೊಂದು. ಅದರಲ್ಲಿ ನಾಳೆ ಒಂದು ತೂತು ಕಂಡರೆ ಮುಚ್ಚುವವರು ಇದ್ದಾರೆಯೇ ಎಂಬುದು ಮೂರನೆಯದು. ಕಳೆದ ಹತ್ತು ವರ್ಷಗಳಲ್ಲಿ ಬದಲಾದದ್ದು ಹೆಚ್ಚಾಗಿ ಎರಡನೆಯದು. ಡೀಫಾಲ್ಟ್‌ಗಳು ಬದಲಾದವು, ನಿಮ್ಮ ಮೂರು ಸಾಧನಗಳು ನಿಂತದ್ದೂ ಬಹುತೇಕ ಅದರಿಂದಲೇ. ಕೋಡ್ ಬಹುಪಾಲು ಅಲ್ಲೇ ಇದೆ. ನೀವು ನಿಜವಾಗಿ ಚಿಂತೆ ಮಾಡಬೇಕಾದದ್ದು ಮೂರನೆಯದರ ಬಗ್ಗೆ, ಅದಕ್ಕೆ ಆಮೇಲೆ ಬರುತ್ತೇನೆ.

ಬ್ರೌಸರ್‌ಗಳದ್ದು ಮಾತ್ರ ಬೇರೆ ಕಥೆ. ಅಲ್ಲಿ ಕೋಡೇ ಹೋಯಿತು. ಫೈರ್‌ಫಾಕ್ಸ್ 2021ರ ಏಪ್ರಿಲ್‌ನಲ್ಲಿ 88ನೇ ಆವೃತ್ತಿಯಲ್ಲಿ ಎಫ್‌ಟಿಪಿ ಆಫ್ ಮಾಡಿ, 90ರಲ್ಲಿ ಪೂರ್ತಿ ಕಿತ್ತುಹಾಕಿತು. ಕ್ರೋಮ್ ಅದೇ ವರ್ಷ 95ನೇ ಆವೃತ್ತಿಯಲ್ಲಿ ತೆಗೆಯಿತು. ಅದಕ್ಕೂ ಮೊದಲೇ, 2017ರ ಮಾರ್ಚ್‌ನಲ್ಲಿ, ಲಿನಕ್ಸ್ ಕರ್ನಲ್‌ನ ಅಧಿಕೃತ ತಾಣ ತನ್ನ ಸಾರ್ವಜನಿಕ ಎಫ್‌ಟಿಪಿ ಮುಚ್ಚಿತ್ತು. ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಅದೇ ವರ್ಷದ ನವೆಂಬರ್ 1ರಂದು ಮುಚ್ಚಿತು. ಡೆಬಿಯನ್ ಕೊಟ್ಟ ಕಾರಣಗಳು ಸರಳವಾಗಿದ್ದವು: ಬಳಸುವವರು ಕಡಿಮೆ, ಕ್ಯಾಶಿಂಗ್‌ಗೆ ಆಸ್ಪದವಿಲ್ಲ, ಫೈರ್‌ವಾಲ್‌ಗಳಲ್ಲಿ ಅದಕ್ಕೆಂದೇ ವಿಚಿತ್ರ ತೇಪೆ ಹಾಕಬೇಕು. ಒಪ್ಪುತ್ತೇನೆ. ಜಗತ್ತಿನ ಯಾರೋ ಅಪರಿಚಿತರಿಗೆ ಫೈಲ್ ಹಂಚಲು ಎಫ್‌ಟಿಪಿ ಇಂದು ತಕ್ಕ ಸಾಧನವಲ್ಲ. ನಿಮ್ಮ ಕೆಲಸ ಅದಲ್ಲ. ಒಂದು ಕೋಣೆಯೊಳಗೆ ಒಂದು ಯಂತ್ರದಿಂದ ಒಂದು ಡಿಸ್ಕ್‌ಗೆ ಫೈಲ್ ದಾಟಿಸಬೇಕು, ಅಷ್ಟೆ. ಅದಕ್ಕೆ ವಿಎಸ್‌ಎಫ್‌ಟಿಪಿಡಿ, ಪ್ರೊಎಫ್‌ಟಿಪಿಡಿ, ಪ್ಯೂರ್-ಎಫ್‌ಟಿಪಿಡಿ ಎಂಬ ಸರ್ವರ್‌ಗಳಿವೆ. ಕ್ಲೈಂಟ್ ಕಡೆಗೆ ಕರ್ಲ್, ಎಲ್‌ಎಫ್‌ಟಿಪಿ, ಫೈಲ್‌ಜಿಲ್ಲಾ ಇವೆ. ಪೈಥಾನ್‌ನ ಮೂಲ ಲೈಬ್ರರಿಯಲ್ಲೂ ಎಫ್‌ಟಿಪಿ ಇದೆ.

ಈಗ ನಿಮ್ಮ ಅಳತೆ ಯಂತ್ರಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ನನಗೆ ಬರುವ ಇಂಥ ದೂರುಗಳಲ್ಲಿ ಹೆಚ್ಚಿನವು ಗಂಟು ಬೀಳುವುದು ಇದೇ ಜಾಗದಲ್ಲಿ.

ಎಫ್‌ಟಿಪಿಯ ಮೊದಲ ಕರಡು 1971ರ ಏಪ್ರಿಲ್‌ನದು. ಆಗ ಎಂಐಟಿಯಲ್ಲಿದ್ದ ಅಭಯ್ ಭೂಷಣ್ ಅದನ್ನು ಬರೆದರು, ಆರ್‌ಎಫ್‌ಸಿ ಎಂಬ ಇಂಟರ್ನೆಟ್ ಮಾನದಂಡ ದಾಖಲೆಗಳ ಸಾಲಿನಲ್ಲಿ ಅದರ ಸಂಖ್ಯೆ 114. ಇಂದಿಗೂ ಎಲ್ಲರೂ ಅನುಸರಿಸುವ ರೂಪ 1985ರ ಆರ್‌ಎಫ್‌ಸಿ 959. ಆ ಕಾಲದ ನೆಟ್‌ವರ್ಕ್‌ನಲ್ಲಿ ಯಂತ್ರಗಳು ನೇರವಾಗಿ ಒಂದನ್ನೊಂದು ಮುಟ್ಟಬಲ್ಲವಾಗಿದ್ದವು, ನಡುವೆ ಫೈರ್‌ವಾಲ್ ಇರಲಿಲ್ಲ. ಹಾಗಾಗಿ ಎಫ್‌ಟಿಪಿ ಎರಡು ಸಂಪರ್ಕಗಳನ್ನು ಬಳಸುತ್ತದೆ. ಮಾತುಕತೆಗೆ ಒಂದು, ಅದು ಸರ್ವರ್‌ನ 21ನೇ ಪೋರ್ಟ್‌ಗೆ. ಫೈಲ್ ಸಾಗಿಸಲು ಇನ್ನೊಂದು, ಅದು ಪ್ರತಿ ಸಲವೂ ಹೊಸದಾಗಿ ತೆರೆಯುತ್ತದೆ. ಈ ಎರಡನೆಯ ಸಂಪರ್ಕವನ್ನು ಯಾರು ತೆರೆಯಬೇಕು ಎಂಬಲ್ಲೇ ಎಲ್ಲ ತಕರಾರು.

ಆಕ್ಟಿವ್ ವಿಧಾನದಲ್ಲಿ ಯಂತ್ರ ತನ್ನದೊಂದು ಪೋರ್ಟ್ ತೆರೆದು 'ಇಲ್ಲಿಗೆ ಬಾ' ಎನ್ನುತ್ತದೆ, ಸರ್ವರ್ ತಾನೇ ಯಂತ್ರದ ಕಡೆಗೆ ಹೊರಡುತ್ತದೆ. ಪ್ಯಾಸಿವ್ ವಿಧಾನದಲ್ಲಿ ಸರ್ವರ್ ಪೋರ್ಟ್ ತೆರೆದು ಯಂತ್ರವನ್ನು ಕರೆಯುತ್ತದೆ. ಆ ಕರೆ ಹೇಗಿರುತ್ತದೆ ನೋಡಿ. ಸರ್ವರ್ 227 ಎಂಬ ಸಂಖ್ಯೆಯೊಂದಿಗೆ ಒಂದು ಸಾಲು ಕಳಿಸುತ್ತದೆ, ಅದರ ಕೊನೆಯಲ್ಲಿ ಅಲ್ಪವಿರಾಮ ಹಾಕಿದ ಆರು ಅಂಕಿಗಳಿರುತ್ತವೆ: 192,168,1,50,195,80. ಮೊದಲ ನಾಲ್ಕು ಸರ್ವರ್‌ನ ವಿಳಾಸ. ಕೊನೆಯ ಎರಡು ಪೋರ್ಟ್. 195ನ್ನು 256ರಿಂದ ಗುಣಿಸಿ 80 ಕೂಡಿಸಿದರೆ 50000. ಯಂತ್ರ ಈಗ 50000ನೇ ಪೋರ್ಟ್‌ಗೆ ಸಂಪರ್ಕ ಬೆಳೆಸುತ್ತದೆ. ನಿಮ್ಮ ಫೈರ್‌ವಾಲ್ 21ನ್ನು ಮಾತ್ರ ತೆರೆದಿದ್ದರೆ ಲಾಗಿನ್ ಸರಾಗವಾಗಿ ಆಗುತ್ತದೆ, ಫೋಲ್ಡರ್ ಬದಲಾವಣೆಯೂ ಆಗುತ್ತದೆ, ಫೈಲ್ ಕಳಿಸುವ ಹೊತ್ತಿಗೆ ಎಲ್ಲವೂ ಸ್ತಬ್ಧ. ಪಾಸ್‌ವರ್ಡ್ ಸರಿ ಇದೆ, ಫೈಲ್ ಮಾತ್ರ ಹೋಗುತ್ತಿಲ್ಲ ಎಂದು ಯಾರಾದರೂ ಹೇಳಿದ ಕೂಡಲೇ ನಾನು ಮೊದಲು ಕೇಳುವುದು ಈ 227ರ ಸಾಲನ್ನು.

ಹಿಂದೆ ಇದು ಹೇಗೆ ನಡೆಯುತ್ತಿತ್ತು ಎಂದರೆ, ಲಿನಕ್ಸ್ ಕರ್ನಲ್‌ನಲ್ಲಿ ಒಂದು ಸಹಾಯಕ ಮಾಡ್ಯೂಲ್ ಇದೆ. ಅದು 21ನೇ ಪೋರ್ಟ್‌ನ ಮಾತುಕತೆಯನ್ನು ಓದುತ್ತಾ, ಆ ಆರು ಅಂಕಿಗಳನ್ನು ಕಂಡಾಗ ಬೇಕಾದ ಪೋರ್ಟನ್ನು ಆ ಕ್ಷಣಕ್ಕೆ ತೆರೆದುಕೊಡುತ್ತದೆ. ಮೊದಲು ಅದು ತಾನಾಗಿಯೇ ಕೆಲಸಕ್ಕೆ ಇಳಿಯುತ್ತಿತ್ತು. ಕರ್ನಲ್ 4.7ರಿಂದ, ಅಂದರೆ 2016ರಿಂದ, ಈ ತಾನಾಗಿ ಇಳಿಯುವ ವರ್ತನೆಯನ್ನು ಡೀಫಾಲ್ಟ್ ಆಗಿ ನಿಲ್ಲಿಸಿದರು. ಯಾರೋ ಕಳಿಸಿದ ಅಕ್ಷರಗಳನ್ನು ನಂಬಿ ಫೈರ್‌ವಾಲ್ ಬಾಗಿಲು ತೆರೆಯುವುದು ಅಪಾಯ ಎಂಬುದು ಕಾರಣ. ಮಾಡ್ಯೂಲ್ ಇಂದಿಗೂ ಇದೆ, ಈಗ ನೀವೇ ನಿಯಮ ಬರೆದು ಅದನ್ನು ಕೆಲಸಕ್ಕೆ ಹಚ್ಚಬೇಕು. ಬಹಳ ಹಳೆಯ ಲಿನಕ್ಸ್‌ನಿಂದ ನೇರವಾಗಿ ಹೊಸದಕ್ಕೆ ಹಾರಿದವರಿಗೆ ಇದೊಂದು ಕಣ್ಣಿಗೆ ಕಾಣದ ಮೆಟ್ಟಿಲು. ಸಹಾಯಕದ ಗೊಡವೆ ಬೇಡವೆಂದರೆ ಇನ್ನೂ ಸುಲಭದ ದಾರಿ ಇದೆ, ನಾನು ಅದನ್ನೇ ಹಿಡಿಯುತ್ತೇನೆ. ವಿಎಸ್‌ಎಫ್‌ಟಿಪಿಡಿಯ ಸೆಟ್ಟಿಂಗ್‌ನಲ್ಲಿ ಪ್ಯಾಸಿವ್ ಪೋರ್ಟ್‌ಗಳ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆ ಕೊಡಬಹುದು. 50000ದಿಂದ 50020 ಎಂದು ಬರೆದು, ಫೈರ್‌ವಾಲ್‌ನಲ್ಲಿ ಅದೇ ಇಪ್ಪತ್ತೊಂದು ಪೋರ್ಟ್‌ಗಳನ್ನು ಆ ಒಂದು ಯಂತ್ರದ ವಿಳಾಸಕ್ಕೆ ಮಾತ್ರ ತೆರೆಯಿರಿ.

ಸರ್ವರನ್ನು ಕಂಟೇನರ್ (ತನ್ನದೇ ಒಳ ವಿಳಾಸವಿರುವ ಪ್ರತ್ಯೇಕ ಆವರಣ) ಒಳಗೆ ಕೂರಿಸಿದ್ದರೆ ಇನ್ನೊಂದು ಬಲೆ ಕಾದಿರುತ್ತದೆ. ಆ 227ರ ಸಾಲಿನಲ್ಲಿ ಸರ್ವರ್ ತನ್ನ ಕಂಟೇನರ್ ಒಳಗಿನ ವಿಳಾಸವನ್ನು ಹೇಳಿಬಿಡುತ್ತದೆ, ಹೊರಗಿನ ಯಂತ್ರಕ್ಕೆ ಆ ವಿಳಾಸ ಸಿಗುವುದೇ ಇಲ್ಲ. ಕರ್ಲ್‌ನಂಥ ಕ್ಲೈಂಟ್ ಜಾಣ. 2020ರ ಡಿಸೆಂಬರ್‌ನ 7.74.0 ಆವೃತ್ತಿಯಿಂದ ಅದು ಸರ್ವರ್ ಹೇಳಿದ ವಿಳಾಸವನ್ನು ಬದಿಗಿಟ್ಟು, ಮೊದಲು ಸಂಪರ್ಕಿಸಿದ ವಿಳಾಸಕ್ಕೇ ಹೋಗುತ್ತದೆ. ನಿಮ್ಮ ಹಳೆಯ ಯಂತ್ರಕ್ಕೆ ಅಷ್ಟು ತಿಳಿಯದು, ಹೇಳಿದ ವಿಳಾಸಕ್ಕೇ ಹೋಗಿ ಬಾಗಿಲು ಬಡಿಯುತ್ತದೆ. ಆದ್ದರಿಂದ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿ 'ನನಗೆ ಕೆಲಸ ಮಾಡುತ್ತಿದೆಯಲ್ಲ' ಎಂದು ತೀರ್ಮಾನಕ್ಕೆ ಬರಬೇಡಿ. ಹೊರಗಿನ ವಿಳಾಸವನ್ನೇ ಹೇಳು ಎಂದು ಸರ್ವರ್‌ಗೆ ತಿಳಿಸುವ ಸೆಟ್ಟಿಂಗ್ ಇದೆ. ಆದರೂ ಈ ಕೆಲಸಕ್ಕೆ ಕಂಟೇನರ್ ಬೇಡ ಎಂದೇ ನನ್ನ ಸಲಹೆ.

ಎಫ್‌ಟಿಪಿಯಲ್ಲಿ ನನ್ನನ್ನು ಅತ್ಯಂತ ಕಾಡಿದ ತೊಂದರೆ ನೆಟ್‌ವರ್ಕ್‌ನದ್ದಲ್ಲ. ಅದು ಆಸ್ಕಿ ಮೋಡ್. ಎಫ್‌ಟಿಪಿ ಹುಟ್ಟಿದಾಗ ಒಂದೊಂದು ಕಂಪ್ಯೂಟರ್ ಒಂದೊಂದು ರೀತಿ ಪಠ್ಯ ಉಳಿಸುತ್ತಿತ್ತು. ಅದಕ್ಕಾಗಿ ಸಾಲಿನ ಕೊನೆಯ ಗುರುತನ್ನು ದಾರಿಯಲ್ಲೇ ಪರಿವರ್ತಿಸುವ ವ್ಯವಸ್ಥೆ ಮಾಡಿದರು, ಮಾನದಂಡದ ಪ್ರಕಾರ ಅದೇ ಡೀಫಾಲ್ಟ್. ಚಿತ್ರ, ಜಿಪ್, ಅಳತೆಯ ಬೈನರಿ ಫೈಲ್ ಈ ದಾರಿಯಲ್ಲಿ ಹೋದರೆ ಒಳಗಿನ ಬೈಟ್‌ಗಳು ಅಲ್ಲಲ್ಲಿ ಬದಲಾಗುತ್ತವೆ. ಒಮ್ಮೆ ಒಂದು ಉಪಕರಣದಿಂದ ಬಂದ ಪಿಎನ್‌ಜಿ ಚಿತ್ರಗಳು ಒಂದೂ ತೆರೆಯುತ್ತಿರಲಿಲ್ಲ. ನಾನು ಎರಡು ದಿನ ಡಿಸ್ಕ್ ಮೇಲೆ ಅನುಮಾನಪಟ್ಟೆ. ಕೊನೆಗೆ ಒಂದು ಫೈಲನ್ನು ಹೆಕ್ಸ್‌ನಲ್ಲಿ ತೆರೆದು ಮೊದಲ ಎಂಟು ಬೈಟ್ ನೋಡಿದೆ. ಎಂಟು ಇರಬೇಕಾದಲ್ಲಿ ಏಳೇ ಇದ್ದವು. ಪಿಎನ್‌ಜಿ ರೂಪಿಸಿದವರು ತಮ್ಮ ಸಹಿಯಲ್ಲಿ 13 ಮತ್ತು 10 ಎಂಬ ಸಾಲು ಮುರಿಯುವ ಜೋಡಿಯನ್ನು ಬೇಕೆಂದೇ ಇಟ್ಟಿದ್ದಾರೆ. ದಾರಿಯಲ್ಲಿ ಯಾರಾದರೂ ಫೈಲನ್ನು ಪಠ್ಯವೆಂದು ತಿಳಿದು ತಿದ್ದಿದರೆ ಮೊದಲ ಸಾಲಿನಲ್ಲೇ ಗೊತ್ತಾಗಲಿ ಎಂಬುದು ಉದ್ದೇಶ. ನನ್ನ ಫೈಲ್‌ನಲ್ಲಿ ಆ 13 ಮಾಯವಾಗಿತ್ತು. ಉಪಕರಣದ ಮೆನುವಿನಲ್ಲಿ ಬೈನರಿ ಆಯ್ಕೆ ಮಾಡಿದೆ, ಸರಿಹೋಯಿತು. ಆದರೆ ಹಾಳಾಗಿ ಬಂದ ಚಿತ್ರಗಳನ್ನು ಮರಳಿ ಪಡೆಯಲಾಗಲಿಲ್ಲ, ಯಾವ 10ರ ಹಿಂದೆ 13 ಇತ್ತು ಎಂದು ಹೇಳುವ ಗುರುತು ಉಳಿದಿರುವುದಿಲ್ಲ. ಅದೃಷ್ಟಕ್ಕೆ ವಿಎಸ್‌ಎಫ್‌ಟಿಪಿಡಿ ಆಸ್ಕಿ ಪರಿವರ್ತನೆಯನ್ನು ಡೀಫಾಲ್ಟ್ ಆಗಿ ಮಾಡುವುದಿಲ್ಲ, ಕೇಳಿದರೂ ಬೈನರಿಯಾಗಿಯೇ ಬರೆಯುತ್ತದೆ. ಬೇರೆ ಸರ್ವರ್ ಬಳಸಿದರೆ ಇದನ್ನು ಮೊದಲ ದಿನವೇ ಪರೀಕ್ಷಿಸಿ.

ಎಫ್‌ಟಿಪಿಗೆ ಟಿಎಲ್‌ಎಸ್ ಎಂಬ ಗೂಢಲಿಪಿಯ ಪದರ ಹೊದಿಸಿದರೆ ಆಗದೇ ಎಂದು ಕೇಳಬಹುದು. ಅದಕ್ಕೆ 2005ರ ಆರ್‌ಎಫ್‌ಸಿ 4217 ಇದೆ, ಎಫ್‌ಟಿಪಿಎಸ್ ಎನ್ನುತ್ತಾರೆ. ಯಂತ್ರಕ್ಕೆ ಟಿಎಲ್‌ಎಸ್ 1.2 ಬರುತ್ತಿದ್ದರೆ ಖಂಡಿತ ಬಳಸಿ, ಆದರೆ ಎರಡು ವಿಷಯ ನೆನಪಿರಲಿ. ಮಾತುಕತೆ ಗುಪ್ತವಾದ ಮೇಲೆ ಫೈರ್‌ವಾಲ್ ಸಹಾಯಕಕ್ಕೆ ಆ ಆರು ಅಂಕಿಗಳು ಕಾಣುವುದಿಲ್ಲ, ಹಾಗಾಗಿ ಪೋರ್ಟ್ ವ್ಯಾಪ್ತಿ ತೆರೆಯಲೇಬೇಕು. ಎರಡನೆಯದಾಗಿ, ಫೈಲ್ ಸಾಗಿಸುವ ಸಂಪರ್ಕವು ಮಾತುಕತೆಯ ಟಿಎಲ್‌ಎಸ್ ಸೆಷನ್ನನ್ನೇ ಮುಂದುವರಿಸಬೇಕು ಎಂದು ವಿಎಸ್‌ಎಫ್‌ಟಿಪಿಡಿ ಡೀಫಾಲ್ಟ್ ಆಗಿ ಹಠ ಹಿಡಿಯುತ್ತದೆ. ಹಲವು ಕ್ಲೈಂಟ್‌ಗಳು ಅದನ್ನು ಮಾಡುವುದಿಲ್ಲ. ಲಾಗಿನ್ ಆಗಿ ವರ್ಗಾವಣೆ ಮಾತ್ರ ಬೀಳುತ್ತಿದ್ದರೆ ಇದನ್ನೂ ನೋಡಿ.

ನಿಮ್ಮ ಯಂತ್ರದ ವಯಸ್ಸಿಗೆ ಅದು ಬಲ್ಲದ್ದು ಟಿಎಲ್‌ಎಸ್ 1.0 ಆಗಿರುವ ಸಂಭವವೇ ಹೆಚ್ಚು. 2021ರಲ್ಲಿ ಆರ್‌ಎಫ್‌ಸಿ 8996 ಟಿಎಲ್‌ಎಸ್ 1.0 ಮತ್ತು 1.1 ಎರಡನ್ನೂ ತಿರಸ್ಕರಿಸಿತು. ಟಿಎಲ್‌ಎಸ್ ನಡೆಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 3ನೇ ಆವೃತ್ತಿಯಲ್ಲಿ ಅವುಗಳನ್ನು ನಡೆಸಬೇಕಾದರೆ ಭದ್ರತಾ ಮಟ್ಟವನ್ನು ಸೊನ್ನೆಗೆ ಇಳಿಸಬೇಕು. ಅದನ್ನು ಇಡೀ ಸಿಸ್ಟಮ್‌ನ ಸೆಟ್ಟಿಂಗ್‌ನಲ್ಲಿ ಇಳಿಸಿದವರನ್ನು ಕಂಡಿದ್ದೇನೆ. ಆಗ ಅದೇ ಸರ್ವರ್‌ನ ವೆಬ್, ಮೇಲ್ ಎಲ್ಲವೂ ದುರ್ಬಲವಾಗುತ್ತವೆ. ಇಂಥ ಕಡೆ ನನ್ನ ಆಯ್ಕೆ, ಪ್ರತ್ಯೇಕ ಕೇಬಲ್ ಮೇಲೆ ಬರಿಯ ಎಫ್‌ಟಿಪಿ. ಪಾಸ್‌ವರ್ಡ್ ಬಯಲಲ್ಲಿ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಆದ್ದರಿಂದ ಆ ಪಾಸ್‌ವರ್ಡನ್ನು ಬೇರೆಲ್ಲೂ ಬಳಸುವುದಿಲ್ಲ, ಆ ಕೇಬಲ್‌ಗೆ ಬೇರೇನನ್ನೂ ಸಿಕ್ಕಿಸುವುದಿಲ್ಲ.

ಸ್ವಿಚ್‌ನ ಕಥೆ ಚಿಕ್ಕದು. ಓಪನ್‌ಎಸ್‌ಎಸ್‌ಎಚ್ 2022ರ ಏಪ್ರಿಲ್‌ನ 9.0 ಆವೃತ್ತಿಯಿಂದ ಎಸ್‌ಸಿಪಿ ಆಜ್ಞೆ ಒಳಗೊಳಗೆ ಎಸ್‌ಎಫ್‌ಟಿಪಿ ಎಂಬ, ಎಸ್‌ಎಸ್‌ಎಚ್‌ನದೇ ಇನ್ನೊಂದು ಫೈಲ್ ಪ್ರೋಟೊಕಾಲ್ ಮಾತಾಡುತ್ತದೆ. ಹೆಸರು ಹಳೆಯದು, ಮಾತು ಹೊಸದು. ನಿಮ್ಮ ಸ್ವಿಚ್‌ಗೆ ಎಸ್‌ಎಫ್‌ಟಿಪಿ ಗೊತ್ತಿಲ್ಲ. ಆಜ್ಞೆಯ ಜೊತೆ ಅಡ್ಡಗೆರೆ ಮತ್ತು ಇಂಗ್ಲಿಷಿನ ದೊಡ್ಡ ಓ ಅಕ್ಷರ ಸೇರಿಸಿದರೆ ಹಳೆಯ ಪ್ರೋಟೊಕಾಲ್ ಮರಳುತ್ತದೆ. ಅದಾದ ಮೇಲೂ ಹೊಂದುವ ಹೋಸ್ಟ್ ಕೀ ಸಿಗಲಿಲ್ಲ ಎಂಬ ದೂರು ಬಂದರೆ ಕಾರಣ ಬೇರೆ: 2021ರ 8.8 ಆವೃತ್ತಿ ಎಸ್‌ಎಚ್‌ಎ-1 ಆಧಾರಿತ ಆರ್‌ಎಸ್‌ಎ ಸಹಿಯನ್ನು ಡೀಫಾಲ್ಟ್‌ನಿಂದ ತೆಗೆಯಿತು. ಅದನ್ನು ಮತ್ತೆ ಸೇರಿಸಬಹುದು. ಆದರೆ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್‌ನಲ್ಲಿ ಆ ಸ್ವಿಚ್‌ನ ಹೆಸರಿನ ಕೆಳಗೆ ಮಾತ್ರ ಬರೆಯಿರಿ, ಎಲ್ಲರಿಗೂ ಅನ್ವಯಿಸುವ ನಕ್ಷತ್ರದ ಕೆಳಗೆ ಎಂದೂ ಬೇಡ. ಸ್ವಿಚ್ ಡಿಎಸ್‌ಎ ಎಂಬ ಹಳೆಯ ಬಗೆಯ ಕೀ ಮಾತ್ರ ಬಲ್ಲದ್ದಾದರೆ ಪರಿಸ್ಥಿತಿ ಗಂಭೀರ. 2025ರ 10.0 ಆವೃತ್ತಿಯಲ್ಲಿ ಡಿಎಸ್‌ಎ ಕೋಡೇ ಇಲ್ಲ. ಆಗ ಹಳೆಯ ಕ್ಲೈಂಟ್ ಒಂದನ್ನು ಆ ನಡುವಿನ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ. ಡೆಬಿಯನ್ ಇದನ್ನು ಮೊದಲೇ ಯೋಚಿಸಿ, ಎಸ್‌ಎಸ್‌ಎಚ್ 1 ಮಾತ್ರ ಬಲ್ಲ ಸಾಧನಗಳಿಗಾಗಿ ಹಳೆಯ 7.5 ಆವೃತ್ತಿಯ ಕ್ಲೈಂಟನ್ನು ಬೇರೆ ಹೆಸರಿನ ಪ್ಯಾಕೇಜ್ ಆಗಿ ಉಳಿಸಿಕೊಂಡಿತು. ಹಳೆಯದನ್ನು ಬೇಕಾದವರು ಮಾತ್ರ ಕೇಳಿ ಪಡೆಯುವಂತೆ ಬದಿಗಿಡುವ ಈ ಕ್ರಮ ನನಗೆ ತುಂಬ ಇಷ್ಟ.

ಸ್ಕ್ಯಾನರ್‌ಗೆ ಸಾಂಬಾ, ಅಂದರೆ ಲಿನಕ್ಸ್‌ನಲ್ಲಿ ಎಸ್‌ಎಂಬಿ ಮಾತಾಡುವ ಸರ್ವರ್, ಸಾಕು. 2019ರ 4.11 ಆವೃತ್ತಿಯಿಂದ ಸಾಂಬಾ ಎಸ್‌ಎಂಬಿ 1ನ್ನು ಡೀಫಾಲ್ಟ್ ಆಗಿ ನಿರಾಕರಿಸುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ದೋಷದಿಂದ. ಅದಾದ ಮೇಲೆ ಆ ಪ್ರೋಟೊಕಾಲನ್ನು ಡೀಫಾಲ್ಟ್ ಆಗಿ ತೆರೆದಿಡುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಸರ್ವರ್‌ನ ಕನಿಷ್ಠ ಪ್ರೋಟೊಕಾಲ್ ಎಂಬ ಸಾಲಿಗೆ ಎನ್‌ಟಿ1 ಎಂದು ಕೊಟ್ಟರೆ ಮತ್ತೆ ಬರುತ್ತದೆ. ಪಾಸ್‌ವರ್ಡ್ ಸರಿಯಿದ್ದೂ ಒಳಬಿಡದಿದ್ದರೆ ಎನ್‌ಟಿಎಲ್‌ಎಂ ಎಂಬ ಲಾಗಿನ್ ವಿಧಾನದ ಮೊದಲ ಆವೃತ್ತಿಗೂ ಅನುಮತಿ ಬೇಕು ಎಂದರ್ಥ. ಎರಡೂ ನಡುವಿನ ಪೆಟ್ಟಿಗೆಯಲ್ಲೇ ಇರಲಿ. ಸಾಂಬಾ 4.17ರಿಂದ ಎಸ್‌ಎಂಬಿ 1 ಇಲ್ಲದೆಯೇ ಸರ್ವರನ್ನು ಬಿಲ್ಡ್ ಮಾಡುವ ಆಯ್ಕೆಯೂ ಬಂದಿದೆ. ಮುಂದೊಂದು ದಿನ ನಿಮ್ಮ ವಿತರಣೆ ಹಾಗೆ ಬಿಲ್ಡ್ ಮಾಡಿದರೆ ಮತ್ತೆ ನಿಲ್ಲುತ್ತದೆ. ಸ್ಕ್ಯಾನರ್‌ನ ಮೆನುವಿನಲ್ಲಿ ಎಫ್‌ಟಿಪಿಗೆ ಕಳಿಸುವ ಆಯ್ಕೆ ಇದೆಯೇ ನೋಡಿ, ಹಲವದರಲ್ಲಿ ಇರುತ್ತದೆ. ಇದ್ದರೆ ಎಸ್‌ಎಂಬಿ 1ನ್ನು ಬಿಟ್ಟೇಬಿಡಿ. ಎರಡು ಹಳೆಯ ಪ್ರೋಟೊಕಾಲ್ ಕಾಯುವುದಕ್ಕಿಂತ ಒಂದನ್ನು ಕಾಯುವುದು ಮೇಲು.

ನೀವು ಕೇಳಿಲ್ಲ, ಆದರೂ ಸ್ವಿಚ್ ಇದೆ ಎಂದಿದ್ದರಿಂದ ಟಿಎಫ್‌ಟಿಪಿ ಎಂಬ ಇನ್ನೂ ಸರಳವಾದ ಫೈಲ್ ಪ್ರೋಟೊಕಾಲ್ ಬಗ್ಗೆ ಒಂದು ಮಾತು. ಫರ್ಮ್‌ವೇರ್ ಏರಿಸುವಾಗ ಅದು ಎದುರಾದೀತು. ಡಿಎನ್‌ಎಸ್‌ಮಾಸ್ಕ್ ಎಂಬ ಚಿಕ್ಕ ನೆಟ್‌ವರ್ಕ್ ತಂತ್ರಾಂಶದಲ್ಲೇ ಅದರ ಸರ್ವರ್ ಇದೆ. ಪಾಸ್‌ವರ್ಡ್ ಎಂಬುದೇ ಅದರಲ್ಲಿಲ್ಲ. 512 ಬೈಟ್‌ಗಳ ತುಣುಕು, ತುಣುಕಿನ ಸಂಖ್ಯೆಗೆ 16 ಬಿಟ್, ಹಾಗಾಗಿ ಮೂಲರೂಪದಲ್ಲಿ ಸುಮಾರು 32 ಎಂಬಿಗಿಂತ ದೊಡ್ಡ ಫೈಲ್ ಹೋಗದು. ದೊಡ್ಡ ಫರ್ಮ್‌ವೇರ್ ಅರ್ಧಕ್ಕೆ ನಿಂತರೆ ಈ ಲೆಕ್ಕ ನೆನಪಿಸಿಕೊಳ್ಳಿ. ಕೆಲಸ ಮುಗಿದ ಕೂಡಲೇ ಅದನ್ನು ನಿಲ್ಲಿಸಿ.

ಈಗ ಮೂರನೆಯ ಪ್ರಶ್ನೆ: ಈ ಕೋಡನ್ನು ನೋಡಿಕೊಳ್ಳುವವರು ಯಾರು?

ಕರ್ಮಿಟ್ ಎಂಬ ಪ್ರೋಟೊಕಾಲ್‌ನ ಉದಾಹರಣೆ ಕೊಡುತ್ತೇನೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಫ್ರಾಂಕ್ ಡ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ ಅದನ್ನು ಶುರುಮಾಡಿದರು. ಸೀರಿಯಲ್ ತಂತಿ, ಟೆಲಿಫೋನ್ ಗದ್ದಲ, ಒಂದಕ್ಕೊಂದು ಹೊಂದದ ಕಂಪ್ಯೂಟರ್‌ಗಳು, ಎಲ್ಲದರ ನಡುವೆಯೂ ಫೈಲ್ ಸುರಕ್ಷಿತವಾಗಿ ದಾಟಿಸುವುದು ಅದರ ಗುರಿ. ಮೂವತ್ತು ವರ್ಷ ವಿಶ್ವವಿದ್ಯಾಲಯ ಅದನ್ನು ಸಾಕಿತು. 2011ರಲ್ಲಿ ಯೋಜನೆ ನಿಲ್ಲಿಸಿತು. ಅದೊಂದು ಮುಚ್ಚಿದ ತಂತ್ರಾಂಶವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋಗುವ ಮುನ್ನ ಸಿ-ಕರ್ಮಿಟ್ಟನ್ನು ಬಿಎಸ್‌ಡಿ ಪರವಾನಗಿಯಡಿ ಬಿಡುಗಡೆ ಮಾಡಿದರು. ಇಂದಿಗೂ ಲಿನಕ್ಸ್ ವಿತರಣೆಗಳಲ್ಲಿ ಅದು ಸಿಗುತ್ತದೆ. ಎಂಬೆಡೆಡ್ ಬೋರ್ಡ್‌ಗಳಲ್ಲಿ ಬಳಸುವ ಯು-ಬೂಟ್ ಬೂಟ್‌ಲೋಡರ್‌ನಲ್ಲಿ ಸೀರಿಯಲ್ ತಂತಿಯಿಂದ ಫೈಲ್ ಪಡೆಯುವ ಆಜ್ಞೆಗಳಲ್ಲಿ ಒಂದು ಕರ್ಮಿಟ್‌ನದ್ದೇ. ಇನ್ನೆರಡು ವೈಮೋಡೆಮ್ ಮತ್ತು ಎಕ್ಸ್‌ಮೋಡೆಮ್‌ನವು. ಎಕ್ಸ್‌ಮೋಡೆಮ್ಮನ್ನು ವಾರ್ಡ್ ಕ್ರಿಸ್ಟೆನ್‌ಸೆನ್ 1977ರಲ್ಲಿ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ನೆಟ್‌ವರ್ಕ್ ಇಲ್ಲದ, ಫರ್ಮ್‌ವೇರ್ ಅಳಿಸಿಹೋದ ಬೋರ್ಡನ್ನು 128 ಬೈಟ್‌ಗಳ ತುಣುಕಿನಲ್ಲಿ ಎಕ್ಸ್‌ಮೋಡೆಮ್ ಮೂಲಕ ಬದುಕಿಸಿದ ಅನುಭವ ನನಗಿದೆ. ಪರದೆಯ ಮೇಲೆ ತುಣುಕುಗಳ ಎಣಿಕೆ ಏರುವುದನ್ನು ನೋಡುತ್ತಾ ಕೂತಾಗ, ಆ ಕೋಡನ್ನು ಯಾರೋ ಎಸೆಯದೆ ಉಳಿಸಿದ್ದಾರೆ ಎಂಬುದಕ್ಕೆ ಮನಸ್ಸು ತುಂಬಿ ಬಂದಿತ್ತು.

ಆದರೆ ಪರವಾನಗಿ ಉಳಿಸುವುದು ಕೋಡನ್ನು ಮಾತ್ರ, ಕಾವಲನ್ನಲ್ಲ. ವಿಎಸ್‌ಎಫ್‌ಟಿಪಿಡಿಯನ್ನೇ ನೋಡಿ. ಕ್ರಿಸ್ ಇವಾನ್ಸ್ ಬರೆದದ್ದು, ಭದ್ರತೆಯನ್ನೇ ಮೊದಲ ಗುರಿಯಾಗಿಟ್ಟು ರೂಪಿಸಿದ್ದು. 3.0.5 ಆವೃತ್ತಿ ಬಂದದ್ದು 2021ರಲ್ಲಿ. ಪ್ರೋಟೊಕಾಲ್ ಬದಲಾಗದಿರುವಾಗ ಸರ್ವರ್ ಪದೇ ಪದೇ ಬದಲಾಗಬೇಕಿಲ್ಲ, ಹಾಗಾಗಿ ಬಿಡುಗಡೆ ಇಲ್ಲದ ವರ್ಷಗಳು ತಾವಾಗಿಯೇ ನನ್ನನ್ನು ಹೆದರಿಸುವುದಿಲ್ಲ. ನಾನು ನೋಡುವುದು ಬೇರೆ. ಹೊಸ ಓಪನ್‌ಎಸ್‌ಎಸ್‌ಎಲ್ ಜೊತೆ ಅದು ಬಿಲ್ಡ್ ಆಗುತ್ತಿದೆಯೇ? ವಿತರಣೆಯ ಪ್ಯಾಕೇಜ್ ನೋಡಿಕೊಳ್ಳುವವರು ದೋಷದ ವರದಿಗಳಿಗೆ ಉತ್ತರಿಸುತ್ತಿದ್ದಾರೆಯೇ? ಮೂಲ ಲೇಖಕರು ಸುಮ್ಮನಿದ್ದಾಗ ನಿಮ್ಮನ್ನು ಕಾಯುವವರು ಅವರೇ. ಇದೇ ತಂತ್ರಾಂಶದ 2.3.4 ಆವೃತ್ತಿಗೆ 2011ರಲ್ಲಿ ಒಂದು ಆಪತ್ತು ಬಂದಿತ್ತು. ಡೌನ್‌ಲೋಡ್ ತಾಣದಲ್ಲಿದ್ದ ಫೈಲನ್ನೇ ಯಾರೋ ಬದಲಿಸಿದ್ದರು. ಬಳಕೆದಾರ ಹೆಸರಿನಲ್ಲಿ ನಗುಮುಖದ ಎರಡು ಚಿಹ್ನೆ, ಅಂದರೆ ಕೋಲನ್ ಮತ್ತು ಮುಚ್ಚುವ ಕಂಸ, ಕೊಟ್ಟರೆ 6200ನೇ ಪೋರ್ಟ್‌ನಲ್ಲಿ ಶೆಲ್ ತೆರೆದುಕೊಳ್ಳುತ್ತಿತ್ತು. ಆ ಫೈಲ್‌ಗೆ ಲೇಖಕರ ಡಿಜಿಟಲ್ ಸಹಿ ಹೊಂದುತ್ತಿರಲಿಲ್ಲ, ಪರಿಶೀಲಿಸಿದವರಿಗೆ ಅದು ತಿಳಿಯಿತು. ಆದ್ದರಿಂದ ಇಂಥ ಹಳೆಯ ತಂತ್ರಾಂಶವನ್ನು ಎಲ್ಲೋ ಸಿಕ್ಕ ಟಾರ್ ಫೈಲ್‌ನಿಂದ ಹಾಕಬೇಡಿ. ವಿತರಣೆಯ ಸಹಿ ಇರುವ ಪ್ಯಾಕೇಜನ್ನೇ ಹಾಕಿ.

ಇನ್ನೊಂದು ಕೆಲಸ ನಿಮ್ಮಿಂದಲೇ ಆಗಬೇಕು. ತೆಗೆದುಹಾಕುವ ಮುನ್ನ ಯೋಜನೆಗಳು ಸಾಮಾನ್ಯವಾಗಿ ಮೊದಲೇ ಸೂಚನೆ ಕೊಡುತ್ತವೆ. ಪೈಥಾನ್ ತನ್ನ ಟೆಲ್ನೆಟ್ ಲೈಬ್ರರಿಯನ್ನು 3.13ರಲ್ಲಿ ತೆಗೆಯುವ ಮೊದಲು ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಕೊಟ್ಟಿತ್ತು. ಆ ಎಚ್ಚರಿಕೆಗಳನ್ನು ಲಾಗ್‌ನಲ್ಲಿ ಮುಚ್ಚಿಡಬೇಡಿ, ಓದಿ. ನೀವು ಒಂದು ಹಳೆಯ ಪ್ರೋಟೊಕಾಲ್ ಬಳಸುತ್ತಿದ್ದೀರಿ, ಇಂಥ ಸಾಧನಕ್ಕಾಗಿ ಬಳಸುತ್ತಿದ್ದೀರಿ ಎಂದು ಅದರ ಮೇಂಟೇನರ್‌ಗೆ ಸೌಜನ್ಯದಿಂದ ಬರೆಯಿರಿ. ಹಳೆಯ ಸಾಧನ ಅವರ ಮೇಜಿನ ಮೇಲೆ ಇರುವುದಿಲ್ಲ, ನಿಮ್ಮಲ್ಲಿದೆ. ಪ್ಯಾಕೆಟ್ ದಾಖಲೆಯೊಂದಿಗೆ ಕಳಿಸಿದ ಒಂದು ಸ್ಪಷ್ಟ ವರದಿ, ಹೊಸ ಆವೃತ್ತಿಯನ್ನು ಬಿಡುಗಡೆಗೆ ಮುನ್ನ ಪರೀಕ್ಷಿಸಿ ಕೊಡುತ್ತೇನೆ ಎಂಬ ಒಂದು ಮಾತು ಅವರಿಗೆ ನಿಜವಾದ ಸಹಾಯ. ಯಾರೂ ಬಳಸುತ್ತಿಲ್ಲ ಎಂದು ತಿಳಿದು ತೆಗೆದ ಕೋಡ್ ಎಷ್ಟೋ ಇದೆ. ಬಳಸುವವರು ಬಾಯಿ ಬಿಡದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ಇನ್ನು ಪೆಟ್ಟಿಗೆ ಕಟ್ಟುವ ವಿಧಾನ. ಎರಡು ನೆಟ್‌ವರ್ಕ್ ಕಾರ್ಡ್ ಇರುವ ಯಾವುದಾದರೂ ಚಿಕ್ಕ ಕಂಪ್ಯೂಟರ್, ಅದರ ಮೇಲೆ ಇನ್ನೂ ಭದ್ರತಾ ಪರಿಷ್ಕರಣೆ ಸಿಗುತ್ತಿರುವ ಡೆಬಿಯನ್‌ನಂಥ ವಿತರಣೆ. ಒಂದು ಕಾರ್ಡ್‌ಗೆ ಯಂತ್ರ, ಸ್ಕ್ಯಾನರ್, ಸ್ವಿಚ್‌ನ ನಿರ್ವಹಣಾ ಪೋರ್ಟ್. ಇನ್ನೊಂದು ಕಾರ್ಡ್ ನಿಮ್ಮ ಮುಖ್ಯ ನೆಟ್‌ವರ್ಕ್‌ಗೆ. ಎರಡರ ನಡುವೆ ಪ್ಯಾಕೆಟ್ ಸಾಗಿಸುವ ಫಾರ್ವರ್ಡಿಂಗ್ ಕಡ್ಡಾಯವಾಗಿ ಬಂದ್. ಈ ಪೆಟ್ಟಿಗೆ ರೂಟರ್ ಅಲ್ಲ. ವಿಎಸ್‌ಎಫ್‌ಟಿಪಿಡಿ ಮತ್ತು ಸಾಂಬಾ ಮೊದಲ ಕಾರ್ಡ್‌ನ ವಿಳಾಸದಲ್ಲಿ ಮಾತ್ರ ಕೇಳಲಿ. ಅನಾಮಿಕ ಲಾಗಿನ್ ಆಫ್ ಆಗಿದೆಯೇ ಎಂದು ಕಣ್ಣಾರೆ ನೋಡಿ. ಮೂಲ ತಂತ್ರಾಂಶದಲ್ಲಿ ಅದು ಆನ್ ಇರುತ್ತದೆ, ವಿತರಣೆಗಳು ಆಫ್ ಮಾಡಿ ಕೊಡುತ್ತವೆ, ಆ ಸಾಲನ್ನು ನೀವು ಅಳಿಸಿದರೆ ಮತ್ತೆ ಆನ್.

ಬಳಕೆದಾರನನ್ನು ಅವನ ಫೋಲ್ಡರ್‌ನೊಳಗೇ ಕಟ್ಟಿಹಾಕಿದಾಗ, ಬರೆಯಲು ಬರುವ ಬೇರು ಫೋಲ್ಡರ್‌ನಲ್ಲಿ ಓಡುವುದಿಲ್ಲ ಎಂದು ವಿಎಸ್‌ಎಫ್‌ಟಿಪಿಡಿ 500 ಸಂಖ್ಯೆಯ ದೋಷ ಕೊಟ್ಟು ನಿಲ್ಲುತ್ತದೆ. ಆ ತಪಾಸಣೆಯನ್ನೇ ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬೇಡ. ಬೇರು ಫೋಲ್ಡರ್‌ನಿಂದ ಬರೆಯುವ ಅನುಮತಿ ತೆಗೆದು, ಅದರೊಳಗೆ ಬರೆಯಬಲ್ಲ ಒಂದು ಉಪಫೋಲ್ಡರ್ ಮಾಡಿ, ಯಂತ್ರದ ಮೆನುವಿನಲ್ಲಿ ಆ ಹೆಸರು ಕೊಡಿ.

ಫೈಲ್ ಬಂದ ಮೇಲೆ ಪೆಟ್ಟಿಗೆಯೇ ಅದನ್ನು ಎಸ್‌ಎಫ್‌ಟಿಪಿ ಅಥವಾ ಎಸ್‌ಎಸ್‌ಎಚ್ ಮೇಲಿನ ಆರ್‌ಸಿಂಕ್ ಮೂಲಕ ಮುಖ್ಯ ಸರ್ವರ್‌ಗೆ ಕಳಿಸಲಿ. ಇಲ್ಲಿ ಅವಸರ ಬೇಡ. ಎಫ್‌ಟಿಪಿಯಲ್ಲಿ ಅರ್ಧ ಬಂದ ಫೈಲೂ ಪೂರ್ಣ ಹೆಸರಿನಲ್ಲೇ ಡಿಸ್ಕ್ ಮೇಲೆ ಕೂತಿರುತ್ತದೆ. ಬರೆಯುತ್ತಿದ್ದ ಪ್ರೋಗ್ರಾಂ ಫೈಲ್ ಮುಚ್ಚಿದಾಗ ಲಿನಕ್ಸ್ ಕೊಡುವ ಐನೋಟಿಫೈ ಸೂಚನೆಗೆ ಕಾಯಿರಿ. ಸಂಪರ್ಕ ಕಡಿದರೂ ಅದೇ ಸೂಚನೆ ಬರುತ್ತದೆ, ಆದ್ದರಿಂದ ವಿಎಸ್‌ಎಫ್‌ಟಿಪಿಡಿಯ ಲಾಗ್‌ನಲ್ಲಿ ಆ ಅಪ್‌ಲೋಡ್ ಯಶಸ್ವಿ ಎಂಬ ಸಾಲು ಇದೆಯೇ ಎಂದೂ ನೋಡಿ. ಎರಡೂ ಸೇರಿದ ಮೇಲೆಯೇ ಸಾಗಿಸಿ, ಆಚೆ ಬದಿಯಲ್ಲಿ ಎಸ್‌ಎಚ್‌ಎ-256 ಮೊತ್ತ ತಾಳೆಯಾದ ಮೇಲೆಯೇ ಈಚೆಯ ಪ್ರತಿ ಅಳಿಸಿ. ಪೆಟ್ಟಿಗೆಯಿಂದ ಮುಖ್ಯ ಸರ್ವರ್‌ಗೆ ಹೋಗುವ ಕೀಲಿಗೆ ಒಂದು ಫೋಲ್ಡರ್‌ಗೆ ಬರೆಯುವ ಹಕ್ಕು ಮಾತ್ರ ಇರಲಿ.

ಇದೆಲ್ಲಕ್ಕೂ ಮೊದಲು, ಆ ಹಳೆಯ ಸರ್ವರ್ ಇನ್ನೂ ಅಳಿಸದೆ ಇದ್ದರೆ ಅದನ್ನು ಒಂದು ದಿನದ ಮಟ್ಟಿಗೆ ಪ್ರತ್ಯೇಕ ನೆಟ್‌ವರ್ಕ್‌ನಲ್ಲಿ ಆನ್ ಮಾಡಿ, ಮೂರೂ ಸಾಧನಗಳಿಂದ ಒಂದೊಂದು ಫೈಲ್ ವರ್ಗಾಯಿಸಿ, ನೆಟ್‌ವರ್ಕ್ ಮಾತುಕತೆ ಹಿಡಿದಿಡುವ ಟಿಸಿಪಿಡಂಪ್‌ನಲ್ಲಿ ದಾಖಲಿಸಿಕೊಳ್ಳಿ. ಯಂತ್ರ ಆಕ್ಟಿವ್ ಕೇಳುತ್ತದೋ ಪ್ಯಾಸಿವ್ ಕೇಳುತ್ತದೋ, ಟೈಪ್ ಎ (ಆಸ್ಕಿ) ಎನ್ನುತ್ತದೋ ಟೈಪ್ ಐ (ಬೈನರಿ) ಎನ್ನುತ್ತದೋ, ಯಾವ ಹೆಸರಿನ ಫೋಲ್ಡರ್ ಹುಡುಕುತ್ತದೆ, ಎಲ್ಲವೂ ಅದರಲ್ಲಿ ಅಕ್ಷರಶಃ ಓದಲು ಸಿಗುತ್ತದೆ. ಆ ದಾಖಲೆ ಇಟ್ಟುಕೊಂಡು ಕೂತರೆ ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಊಹಿಸಬೇಕಾದದ್ದು ಏನೂ ಉಳಿಯುವುದಿಲ್ಲ.